ಸ್ವಂತ ದುಡಿಮೆ, ತಜ್ಞರು, ಏಜೆನ್ಸಿ, ಜಾಹೀರಾತು: ಸಣ್ಣ ಉದ್ಯಮದ ಜಾಲತಾಣಕ್ಕೆ ಯಾವುದು ಸರಿ?

‘ಜಾಲತಾಣ ಮಾಡಿಸಿ ವರ್ಷವಾಯಿತು. ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ಹೆಸರೇ ಇಲ್ಲ. ಈ ಕೆಲಸವನ್ನು ಯಾರಿಗೆ ವಹಿಸಲಿ?’ ಸಣ್ಣ ಉದ್ಯಮ ನಡೆಸುವವರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ. ಯಾರ ಹೆಸರನ್ನಾದರೂ ಹೇಳುವ ಮೊದಲು ನಾನು ಅವರ ತಾಣದೊಳಗೆ ಒಮ್ಮೆ ಇಣುಕಿ ನೋಡುತ್ತೇನೆ. ಈ ಅಭ್ಯಾಸ ಬಂದದ್ದು ಒಬ್ಬ ಪರಿಚಿತರ ಪಾಡನ್ನು ಕಂಡ ಮೇಲೆ. ಅವರು ಐದು ತಿಂಗಳು ಒಂದು ಸಂಸ್ಥೆಗೆ ತಪ್ಪದೆ ಹಣ ಕಟ್ಟಿದ್ದರು. ತಿಂಗಳಿಗೊಂದು ವರದಿ ಬರುತ್ತಿತ್ತು: ಬೇರೆ ತಾಣಗಳಿಂದ ನಿಮ್ಮದಕ್ಕೆ ಇಷ್ಟು ಲಿಂಕ್ ಕೊಡಿಸಿದ್ದೇವೆ, ಇಷ್ಟು ಲೇಖನ ಸೇರಿಸಿದ್ದೇವೆ ಎಂದು. ತಾಣ ಮಾತ್ರ ಹುಡುಕಾಟದಲ್ಲಿ ಕಾಣಲೇ ಇಲ್ಲ. ತಾಣ ಕಟ್ಟಲು ಬಳಸಿದ್ದ ವರ್ಡ್‌ಪ್ರೆಸ್ ತಂತ್ರಾಂಶದ ಸೆಟ್ಟಿಂಗ್ಸ್ ತೆರೆದು ‘ರೀಡಿಂಗ್’ ಪುಟಕ್ಕೆ ಹೋದರೆ ಕಾರಣ ಅಲ್ಲೇ ಕುಳಿತಿತ್ತು. ತಾಣ ಕಟ್ಟುವಾಗ ಅರೆಬರೆ ಪುಟಗಳು ಹೊರಗೆ ಕಾಣದಿರಲೆಂದು, ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಚೌಕಕ್ಕೆ ಯಾರೋ ಗುರುತು ಹಾಕಿದ್ದರು. ಅದನ್ನು ತೆಗೆಯುವುದನ್ನು ಮರೆತಿದ್ದರು. ಐದು ತಿಂಗಳ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಗುರುತು ತೆಗೆಯಲು ಹಿಡಿದದ್ದು ಅರ್ಧ ನಿಮಿಷ.

ಅಂದಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಸ್ವತಃ ಮಾಡಬೇಕೇ, ಬಿಡಿ ತಜ್ಞರನ್ನು ಕರೆಯಬೇಕೇ, ಏಜೆನ್ಸಿಗೆ ಒಪ್ಪಿಸಬೇಕೇ, ಜಾಹೀರಾತಿಗೆ ಹಣ ಹಾಕಬೇಕೇ ಎಂಬುದನ್ನು ತೊಡಕು ಎಲ್ಲಿದೆ ಎಂಬುದೇ ತೀರ್ಮಾನಿಸಬೇಕು. ಇನ್ನೊಂದು ಮಾತು. ಗ್ರಾಹಕರು ಯಾವ ಕಷ್ಟ ಹೊತ್ತು ಬರುತ್ತಾರೆ, ಅದನ್ನು ಯಾವ ಪದಗಳಲ್ಲಿ ಹೇಳಿಕೊಳ್ಳುತ್ತಾರೆ ಎಂಬುದು ಉದ್ಯಮ ನಡೆಸುವವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಯಾರನ್ನೇ ನೇಮಿಸಿಕೊಂಡರೂ ಆ ಒಂದು ಪಾಲು ನಿಮ್ಮಿಂದಲೇ ಬರಬೇಕು.

ಮೊದಲು ತೊಡಕು ಎಲ್ಲಿದೆ ನೋಡಿ

ಇದಕ್ಕೆ ಬೇಕಾದ ಸಾಧನ ಗೂಗಲ್ ಸರ್ಚ್ ಕನ್ಸೋಲ್. ಉಚಿತ. ತಾಣ ನಿಮ್ಮದೇ ಎಂದು ಸಾಬೀತುಪಡಿಸಲು ಡೊಮೇನ್‌ನ, ಅಂದರೆ ತಾಣದ ವಿಳಾಸದ, ಡಿಎನ್‌ಎಸ್ ದಾಖಲೆಯಲ್ಲಿ (ಆ ವಿಳಾಸ ಯಾವ ಕಂಪ್ಯೂಟರಿಗೆ ಹೋಗಬೇಕೆಂದು ಹೇಳುವ ಪಟ್ಟಿಯಲ್ಲಿ) ಒಂದು ಸಾಲು ಸೇರಿಸಿದರಾಯಿತು. ಡೊಮೇನ್ ಕೊಂಡ ಕಡೆಯ ಸಹಾಯವಾಣಿಯವರೂ ಇದನ್ನು ಮಾಡಿಸಿಕೊಡಬಲ್ಲರು. ಕೆಲವು ದಿನಗಳಲ್ಲಿ ಅಂಕಿಗಳು ತುಂಬಿಕೊಳ್ಳುತ್ತವೆ. ಜನ ಯಾವ ಪದ ಬರೆದು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಮಂದಿ ಒತ್ತಿದರು, ಸರಾಸರಿ ಎಷ್ಟನೆಯ ಸ್ಥಾನದಲ್ಲಿತ್ತು ಎಂಬ ಲೆಕ್ಕವನ್ನು ಅದು 16 ತಿಂಗಳವರೆಗೆ ಇಟ್ಟುಕೊಳ್ಳುತ್ತದೆ.

ಆ ಅಂಕಿಗಳನ್ನು ಹೀಗೆ ಓದಿ. ಪುಟಗಳು ಗೂಗಲ್‌ನ ಸೂಚಿಯಲ್ಲಿ, ಅಂದರೆ ಇಂಡೆಕ್ಸ್‌ನಲ್ಲಿ ಇಲ್ಲವೆಂದಾದರೆ ಅದು ತಾಂತ್ರಿಕ ತೊಡಕು. ಎಷ್ಟು ಚೆಂದ ಬರೆದರೂ ಅದು ನೀಗದು. ಸೂಚಿಯಲ್ಲಿವೆ, ಆದರೆ ಮೂವತ್ತು, ನಲವತ್ತನೆಯ ಸ್ಥಾನದಲ್ಲಿ ಬಿದ್ದಿವೆ ಎಂದಾದರೆ ಹುಡುಕುವವರ ಪ್ರಶ್ನೆಗೆ ನಿಮ್ಮ ಪುಟ ಸರಿಯಾಗಿ ಉತ್ತರಿಸುತ್ತಿಲ್ಲ, ಇಲ್ಲವೇ ನಿಮಗಿಂತ ನಂಬಿಕೆ ಗಳಿಸಿದವರು ಆ ಸಾಲಿನಲ್ಲಿದ್ದಾರೆ. ಐದಾರನೆಯ ಸ್ಥಾನದಲ್ಲಿದ್ದರೂ ಯಾರೂ ಒತ್ತುತ್ತಿಲ್ಲ ಎಂದರೆ ಮೊದಲು ನೋಡಬೇಕಾದದ್ದು ಶೀರ್ಷಿಕೆ. ಜನ ಬರುತ್ತಿದ್ದಾರೆ, ಕರೆ ಮಾಡುತ್ತಿಲ್ಲ ಎಂದರೆ ಅದು ಹುಡುಕಾಟದ ಸಮಸ್ಯೆಯೇ ಅಲ್ಲ. ಫೋನ್ ಸಂಖ್ಯೆ ಪುಟದಲ್ಲಿ ಎಲ್ಲಿದೆ ಎಂದು ಮೊಬೈಲ್‌ನಲ್ಲಿ ತೆರೆದು ನೋಡಿಕೊಳ್ಳಿ. ಈ ನಾಲ್ಕಕ್ಕೂ ಒಂದೇ ಮದ್ದು ಮಾರುವವರನ್ನು ನಾನು ನಂಬುವುದಿಲ್ಲ.

ನೀವೇ ಮಾಡುವುದು

ಇಪ್ಪತ್ತು, ಮೂವತ್ತು ಪುಟಗಳ ತಾಣಕ್ಕೆ ನನ್ನ ಮೊದಲ ಆಯ್ಕೆ ಇದು. ಹಣ ಉಳಿಯುತ್ತದೆ ಎಂಬುದಕ್ಕಿಂತ, ಇಂಥ ತಾಣಗಳಲ್ಲಿ ಕೊರತೆಯಿರುವುದು ಹೆಚ್ಚಾಗಿ ನಿಮ್ಮ ತಲೆಯಲ್ಲಿರುವ ವಿಷಯದ್ದೇ ಎಂಬುದು ಮುಖ್ಯ ಕಾರಣ.

ಹೊಲಿಗೆ ಯಂತ್ರ ರಿಪೇರಿ ಮಾಡುವವರ ತಾಣವನ್ನು ತೆಗೆದುಕೊಳ್ಳೋಣ. ಮುಖಪುಟದ ಶೀರ್ಷಿಕೆ ‘ಮುಖಪುಟ’ ಎಂದಷ್ಟೇ ಇದೆ. ಕೆಳಗೆ ‘ಗುಣಮಟ್ಟವೇ ನಮ್ಮ ಧ್ಯೇಯ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ’. ಸೇವೆಗಳು ಎಂಬ ಒಂದೇ ಪುಟದಲ್ಲಿ ಹತ್ತು ಸೇವೆಗಳ ಹೆಸರು, ತಲಾ ಅರ್ಧ ಸಾಲು. ಈಗ ಯಂತ್ರದ ಮುಂದೆ ಕುಳಿತವರನ್ನು ನೆನೆಯಿರಿ. ಅರ್ಧ ಹೊಲಿದ ಬಟ್ಟೆ ಕೈಯಲ್ಲಿದೆ, ನಾಲ್ಕು ಹೊಲಿಗೆಗೊಮ್ಮೆ ದಾರ ತುಂಡಾಗುತ್ತಿದೆ. ಅವರು ಮೊಬೈಲ್ ತೆಗೆದು ಬರೆಯುವುದು ‘ಗುಣಮಟ್ಟದ ಸೇವೆ’ ಎಂದಲ್ಲ. ‘ಹೊಲಿಗೆ ಯಂತ್ರದಲ್ಲಿ ದಾರ ತುಂಡಾಗುತ್ತಿದೆ’ ಎಂದು. ರಿಪೇರಿ ಮಾಡುವವರಿಗೆ ಇದರ ಉತ್ತರ ನಾಲಿಗೆಯ ತುದಿಯಲ್ಲಿದೆ: ಮೇಲಿನ ದಾರವನ್ನು ಪೂರ್ತಿ ಎಳೆದು ಮತ್ತೆ ಪೋಣಿಸಿ, ಸೂಜಿ ಮೊಂಡಾಗಿದೆಯೇ ಬಾಗಿದೆಯೇ ನೋಡಿ, ದಾರದ ಬಿಗಿ ಸ್ವಲ್ಪ ಸಡಿಲಿಸಿ, ಬಾಬಿನ್ ಕೇಸಿನಲ್ಲಿ ಸಿಕ್ಕಿರುವ ನೂಲಿನ ಚೂರನ್ನು ಬ್ರಷ್‌ನಿಂದ ತೆಗೆಯಿರಿ, ಇಷ್ಟಾದರೂ ನಿಲ್ಲದಿದ್ದರೆ ಒಳಗಿನ ಹುಕ್ ಸವೆದಿರಬಹುದು, ಆಗ ತನ್ನಿ. ಗ್ರಾಹಕರಿಗೆ ಫೋನಿನಲ್ಲಿ ದಿನವೂ ಹೇಳುವ ಈ ಮಾತನ್ನೇ ಒಂದು ಪುಟವಾಗಿ ಬರೆದು, ಸವೆದ ಹುಕ್ಕಿನ ಚಿತ್ರ ಒಂದನ್ನು ತಾವೇ ತೆಗೆದು ಹಾಕಿ, ‘ಹೊಲಿಗೆ ಯಂತ್ರದ ದಾರ ಪದೇಪದೇ ತುಂಡಾಗಲು ಕಾರಣಗಳು, ರಿಪೇರಿ ಬೇಕಾಗುವುದು ಯಾವಾಗ’ ಎಂದು ಶೀರ್ಷಿಕೆ ಕೊಟ್ಟರೆ ಅದು ಹೊರಗಿನವರು ಬರೆಯಲಾಗದ ಪುಟ.

ಗ್ರಾಹಕರು ತಾವೇ ಸರಿಮಾಡಿಕೊಂಡುಬಿಟ್ಟರೆ ನಮಗೇನು ಲಾಭ ಎಂದು ಕೇಳುವವರಿದ್ದಾರೆ. ಸೂಜಿ ಬದಲಿಸಿದರೆ ಸರಿಹೋಗುವ ಯಂತ್ರವನ್ನು ಅವರು ಹೇಗೂ ನಿಮ್ಮಲ್ಲಿಗೆ ಹೊತ್ತು ತರುತ್ತಿರಲಿಲ್ಲ. ಹುಕ್ ಸವೆದ ದಿನ ನೆನಪಾಗುವುದು ಸತ್ಯ ಹೇಳಿದವರ ಹೆಸರು.

ಸ್ವಂತ ದುಡಿಮೆಯಲ್ಲಿ ಮಿಕ್ಕದ್ದು ಸಣ್ಣಪುಟ್ಟದ್ದು. ಪ್ರತಿ ಸೇವೆಗೂ ಪ್ರತ್ಯೇಕ ಪುಟವಿರಲಿ, ಪ್ರತಿ ಪುಟಕ್ಕೂ ಅದರದೇ ಶೀರ್ಷಿಕೆಯಿರಲಿ. ದಾರದ ಪುಟದಿಂದ ರಿಪೇರಿ ಪುಟಕ್ಕೆ ಲಿಂಕ್ ಕೊಡಿ; ಕೊಡುವಾಗ ‘ಇಲ್ಲಿ ಒತ್ತಿ’ ಎನ್ನುವ ಬದಲು ‘ಹೊಲಿಗೆ ಯಂತ್ರ ರಿಪೇರಿ’ ಎಂಬ ಪದಗಳಿಗೇ ಕೊಡಿ. ಮೊಬೈಲ್‌ನಲ್ಲಿ ತೆಗೆದ ಚಿತ್ರವನ್ನು ಹಾಗೆಯೇ ಏರಿಸಬೇಡಿ, ಅದು ಹಲವು ಎಂಬಿ ತೂಗುತ್ತದೆ. ಗಾತ್ರ ಇಳಿಸಿ ಹಾಕಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ಆದರೆ ವೇಗದ ಅಂಕ ನೂರಕ್ಕೆ ನೂರು ಬರಬೇಕೆಂದು ತಲೆ ಕೆಡಿಸಿಕೊಳ್ಳುವುದು ಬೇಡ, ಉತ್ತರವಿಲ್ಲದ ಪುಟ ಎಷ್ಟು ಬೇಗ ತೆರೆದರೂ ಉಪಯೋಗವಿಲ್ಲ. ಪುಟದ ಕೋಡ್‌ನಲ್ಲಿ ಹುಡುಕಾಟದ ಪದಗಳನ್ನು ಪಟ್ಟಿಮಾಡುವ ಕೀವರ್ಡ್ಸ್ ಮೆಟಾ ಟ್ಯಾಗ್ ತುಂಬುವ ಗೋಜೂ ಬೇಡ. ಹುಡುಕಾಟದ ಶ್ರೇಯಾಂಕಕ್ಕೆ ಅದನ್ನು ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಹೇಳಿಬಿಟ್ಟಿದೆ.

ಈ ದಾರಿಯ ಕಷ್ಟ ಒಂದೇ, ಸಮಯ. ವಾರಕ್ಕೆ ಎರಡು ಗಂಟೆ ಎತ್ತಿಡಲು ಆಗದಿದ್ದರೆ ಮೂರನೆಯ ಪುಟಕ್ಕೆ ಕೆಲಸ ನಿಂತುಹೋಗುತ್ತದೆ. ಬರೆಯಲು ಕೈ ಬರುವುದಿಲ್ಲ ಎನ್ನುವವರು ಗ್ರಾಹಕರಿಗೆ ಹೇಳುವಂತೆಯೇ ಮೊಬೈಲ್‌ಗೆ ಹೇಳಿ ಧ್ವನಿಮುದ್ರಿಸಿಕೊಳ್ಳಲಿ. ಅದನ್ನು ಅಕ್ಷರಕ್ಕಿಳಿಸಿ ತಿದ್ದಿಕೊಡುವವರು ಸಿಗುತ್ತಾರೆ. ನನ್ನ ಮಟ್ಟಿಗೆ ಹಣ ಕೊಟ್ಟು ಪಡೆಯಬಹುದಾದ ಸಹಾಯಗಳಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಕಡಿಮೆ.

ಇದೇ ಸಮಯದ ಕೊರತೆ ನೀಗಲು ಈಗ ಹಲವರು ಎಐ ಉಪಕರಣದಿಂದ ಒಂದೇ ದಿನದಲ್ಲಿ ನೂರು ಪುಟ ಬರೆಸಿ ಹಾಕುತ್ತಿದ್ದಾರೆ. ಬೇಡ. ಶ್ರೇಯಾಂಕಕ್ಕಾಗಿಯೇ ರಾಶಿಗಟ್ಟಲೆ ಹುಟ್ಟಿಸಿದ, ಓದುಗರಿಗೆ ಹೊಸದೇನನ್ನೂ ಕೊಡದ ಪುಟಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಹೆಸರಿಸಿ ಸೇರಿಸಿತು. ಅವು ಯಂತ್ರದಿಂದ ಬಂದವೋ ಮನುಷ್ಯರಿಂದ ಬಂದವೋ ಎಂಬ ಭೇದವಿಲ್ಲ. ನಿಮ್ಮ ಟಿಪ್ಪಣಿಯನ್ನು ತಿದ್ದಿಸಿಕೊಳ್ಳಲು ಆ ಉಪಕರಣ ಬಳಸಿದರೆ ತಪ್ಪೇನಿಲ್ಲ.

ಒಂದು ಕೆಲಸಕ್ಕೆ ಒಬ್ಬ ತಜ್ಞರು

ತೊಡಕು ತಾಂತ್ರಿಕವಾದದ್ದು ಎಂದು ಸರ್ಚ್ ಕನ್ಸೋಲ್ ಹೇಳಿದಾಗ ಇದೇ ಸರಿ. ಪುಟಗಳು ಸೂಚಿಗೆ ಸೇರುತ್ತಿಲ್ಲ, ಒಂದೇ ಪುಟ ಎರಡು ಮೂರು ವಿಳಾಸಗಳಲ್ಲಿ ತೆರೆದುಕೊಳ್ಳುತ್ತಿದೆ, ಮೊಬೈಲ್‌ನಲ್ಲಿ ಅರ್ಧ ಪಠ್ಯ ಕಾಣುತ್ತಿಲ್ಲ, ಇಂಥವನ್ನು ಬಲ್ಲವರು ಕೆಲವು ಗಂಟೆಗಳಲ್ಲಿ ಹಿಡಿಯುತ್ತಾರೆ. ತಿಂಗಳ ಒಪ್ಪಂದ ಬೇಕಾಗಿಲ್ಲ; ಇಷ್ಟು ಕೆಲಸಕ್ಕೆ ಇಷ್ಟು ಎಂದು ಮಾತಾಡಿಕೊಳ್ಳಿ.

ತಜ್ಞರನ್ನು ಕರೆಯಲೇಬೇಕಾದ ಒಂದು ಸಂದರ್ಭವಿದೆ: ತಾಣಕ್ಕೆ ಹೊಸ ರೂಪ ಕೊಡುವಾಗ. ಹಳೆಯ ತಾಣದಲ್ಲಿ ದಾರದ ಪುಟದ ವಿಳಾಸ ಒಂದಿತ್ತು, ಹೊಸದರಲ್ಲಿ ಬೇರೆಯಾಯಿತು ಎನ್ನಿ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಾಯಂ ಆಗಿ ಕಳುಹಿಸುವ 301 ಮರುನಿರ್ದೇಶನ ಇಡದೆ ಹೋದರೆ, ಹಳೆಯ ಪುಟ ವರ್ಷಗಟ್ಟಲೆ ಗಳಿಸಿದ ಸ್ಥಾನ, ಹೊರಗಿನವರು ಅದಕ್ಕೆ ಕೊಟ್ಟ ಲಿಂಕ್‌ಗಳು ಎಲ್ಲವೂ ‘ಪುಟ ಸಿಗಲಿಲ್ಲ’ ಎಂಬ ಗೋಡೆಗೆ ಬಡಿದು ನಿಲ್ಲುತ್ತವೆ. ವಿನ್ಯಾಸ ಮಾಡುವವರಲ್ಲಿ ಹಲವರಿಗೆ ಈ ಕಡೆ ಗಮನವೇ ಇರುವುದಿಲ್ಲ. ಹೊಸ ತಾಣ ಬಿಡುಗಡೆಯಾಗುವ ಮುನ್ನವೇ ಹಳೆಯ ವಿಳಾಸಗಳ ಪಟ್ಟಿ ತೆಗೆದು, ಪ್ರತಿಯೊಂದರ ಎದುರು ಹೊಸ ವಿಳಾಸ ಬರೆಸಿಕೊಳ್ಳಿ. ಹೊಸ ವಿನ್ಯಾಸ ಬಂದ ಮೇಲೆ ಹುಡುಕಾಟದಿಂದ ಬರುವವರು ದಿಢೀರನೆ ಇಳಿದರು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಈ ಪಟ್ಟಿಯನ್ನೇ.

ತಜ್ಞರ ಕೆಲಸವನ್ನು ಅಳೆಯುವುದು ಹೀಗೆ: ಉಪಕರಣವೊಂದು ಉಗುಳಿದ ಅರವತ್ತು ಪುಟಗಳ ವರದಿಯನ್ನು ಹಾಗೆಯೇ ಕಳುಹಿಸಿದರೆ ಅವರಿಗೆ ನಿಮ್ಮ ತಾಣ ಅರ್ಥವಾಗಿಲ್ಲ. ‘ಈ ಮೂರು ಸರಿಮಾಡಿ, ಮಿಕ್ಕದ್ದು ಕಾಯಬಹುದು’ ಎಂದು ಕಾರಣ ಸಮೇತ ಹೇಳಿದರೆ ಅವರನ್ನು ಬಿಡಬೇಡಿ.

ತಿಂಗಳ ಲೆಕ್ಕದ ಏಜೆನ್ಸಿ

ಸಾವಿರಾರು ವಸ್ತುಗಳನ್ನು ಆನ್‌ಲೈನ್‌ನಲ್ಲಿ ಮಾರುವವರು, ಹಲವು ಶಾಖೆಗಳಿರುವವರು, ಬಲವಾದ ಎದುರಾಳಿಗಳ ನಡುವೆ ಇರುವವರು, ಇವರಿಗೆ ಏಜೆನ್ಸಿ ಬೇಕಾಗುತ್ತದೆ. ತಂತ್ರಜ್ಞರು, ಬರೆಯುವವರು, ಅಂಕಿ ಓದುವವರು ಒಂದೇ ಕಡೆ ಸಿಗುತ್ತಾರೆ ಎಂಬುದು ಅದರ ಬಲ. ಹತ್ತು ಪುಟಗಳ ತಾಣಕ್ಕೆ ವರ್ಷವಿಡೀ ಏಜೆನ್ಸಿ ಇಟ್ಟುಕೊಂಡರೆ ನಾಲ್ಕನೆಯ ತಿಂಗಳಿನಿಂದ ಅವರಿಗೂ ಮಾಡಲು ಕೆಲಸ ಉಳಿಯುವುದಿಲ್ಲ. ಆಗ ಶುರುವಾಗುವುದೇ ಲಿಂಕ್ ಲೆಕ್ಕ.

ಲಿಂಕ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಸಣ್ಣ ಉದ್ಯಮಗಳು ಅತಿ ಹೆಚ್ಚು ಮೋಸಹೋಗುವುದು ಇಲ್ಲಿಯೇ. ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಇಬ್ಬರೂ 1998ರಲ್ಲಿ ಗೂಗಲ್ ಕಟ್ಟಿದಾಗ ಅದರ ಬುನಾದಿಯಲ್ಲಿದ್ದದ್ದು, ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಲಿಂಕ್ ಎಂದರೆ ಅದರ ಮೇಲಿನ ವಿಶ್ವಾಸದ ಗುರುತು ಎಂಬ ವಿಚಾರ. ವಿಶ್ವಾಸಕ್ಕೆ ಬೆಲೆ ಬಂದ ಕೂಡಲೇ ಅದನ್ನು ಮಾರುವವರೂ ಹುಟ್ಟಿಕೊಂಡರು. 2012ರ ಏಪ್ರಿಲ್‌ನಲ್ಲಿ ಗೂಗಲ್ ಜಾರಿಗೆ ತಂದ ‘ಪೆಂಗ್ವಿನ್’ ಬದಲಾವಣೆ ಇಂಥ ಕೃತಕ ಲಿಂಕ್‌ಗಳ ಮೇಲೆಯೇ ಎರಗಿತು. ಹಣ ಕೊಟ್ಟು ಪಡೆದ ಲಿಂಕ್‌ಗೆ, ಅದನ್ನು ವಿಶ್ವಾಸವೆಂದು ಎಣಿಸಬೇಡಿ ಎಂದು ಕೋಡ್‌ನಲ್ಲಿ ತಿಳಿಸುವ ‘ಸ್ಪಾನ್ಸರ್ಡ್’ ಇಲ್ಲವೇ ‘ನೋಫಾಲೋ’ ಗುರುತು ಇರಬೇಕೆಂಬುದು ಗೂಗಲ್‌ನ ನಿಯಮ. ಶ್ರೇಯಾಂಕಕ್ಕಾಗಿ ಲಿಂಕ್ ಕೊಳ್ಳುವುದು ಅದರ ಕಣ್ಣಿನಲ್ಲಿ ಸ್ಪ್ಯಾಮ್. ಹಾಗಿದ್ದರೂ ‘ತಿಂಗಳಿಗೆ ಇನ್ನೂರು ಲಿಂಕ್’ ಎಂಬ ಪ್ಯಾಕೇಜ್ ಇಂದಿಗೂ ಮಾರಾಟವಾಗುತ್ತಿದೆ. ನಿಮ್ಮ ಕೆಲಸ ಬಲ್ಲ ಸರಬರಾಜುದಾರರು, ವೃತ್ತಿ ಸಂಘ, ನಿಮ್ಮನ್ನು ಕುರಿತು ಬರೆದ ಪತ್ರಿಕೆ ಇವುಗಳಿಂದ ಬಂದ ಐದು ಲಿಂಕ್‌ಗಳು ಅಂಥ ಇನ್ನೂರಕ್ಕಿಂತ ಮೇಲು.

ಮಾತುಕತೆಗೆ ಕುಳಿತಾಗ ‘ಮೊದಲ ಸ್ಥಾನ ಗ್ಯಾರಂಟಿ’ ಎಂದವರಿಗೆ ನಮಸ್ಕಾರ ಹೇಳಿ ಎದ್ದುಬನ್ನಿ. ಮೊದಲ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದಿಟ್ಟಿದೆ. ಕೆಲಸದ ಫಲ ಕಾಣಲು ನಾಲ್ಕು ತಿಂಗಳಿನಿಂದ ಒಂದು ವರ್ಷ ಹಿಡಿಯುತ್ತದೆ ಎಂಬುದೂ ಅಲ್ಲಿಯೇ ಇದೆ. ಆದ್ದರಿಂದ ಹದಿನೈದು ದಿನಗಳ ಪವಾಡವೂ ಸುಳ್ಳು, ಎರಡನೆಯ ತಿಂಗಳಿಗೇ ‘ಏನೂ ಆಗಲಿಲ್ಲ’ ಎಂದು ನೀವು ಸಿಟ್ಟಾಗುವುದೂ ಸರಿಯಲ್ಲ.

ಡೊಮೇನ್, ತಾಣದ ಕಡತಗಳನ್ನು ಇಡುವ ಹೋಸ್ಟಿಂಗ್, ಸರ್ಚ್ ಕನ್ಸೋಲ್, ಗೂಗಲ್ ನಕ್ಷೆಯಲ್ಲಿ ಉದ್ಯಮದ ವಿವರ ತೋರಿಸುವ ಬಿಸಿನೆಸ್ ಪ್ರೊಫೈಲ್ ಎಲ್ಲವೂ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಬೇಕು. ಏಜೆನ್ಸಿಯವರನ್ನು ಬಳಕೆದಾರರಾಗಿ ಮಾತ್ರ ಸೇರಿಸಿ. ಡೊಮೇನ್ ತಮ್ಮ ಹೆಸರಿನಲ್ಲಿಟ್ಟುಕೊಂಡ ಸಂಸ್ಥೆಯ ಜೊತೆ ಜಗಳವಾಡಿ ಹೊಸ ವಿಳಾಸದಿಂದ ಮತ್ತೆ ಶುರುಮಾಡಬೇಕಾದವರನ್ನು ಕಂಡಿದ್ದೇನೆ. ಅದು ನೋವಿನ ಸಂಗತಿ. ಹತ್ತು ನಿಮಿಷದ ಎಚ್ಚರಿಕೆಯಿಂದ ತಪ್ಪುವಂಥದ್ದು.

ಜಾಹೀರಾತು

ಗೂಗಲ್ ಜಾಹೀರಾತಿಗೆ ಹಣ ಹಾಕಿದರೆ ಸಹಜ ಫಲಿತಾಂಶದಲ್ಲಿ ಮೇಲೆ ಬರುತ್ತೇವೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಹಾಗಿಲ್ಲ. ಎರಡೂ ಬೇರೆ ಬೇರೆ ವ್ಯವಸ್ಥೆಗಳು. ಜಾಹೀರಾತು ಹಣವಿರುವ ತನಕ ಕಾಣಿಸುತ್ತದೆ, ನಿಲ್ಲಿಸಿದ ಗಳಿಗೆಯಲ್ಲಿ ಮರೆಯಾಗುತ್ತದೆ.

ಆದರೂ ಹೊಸದಾಗಿ ಶುರುವಾದ ಉದ್ಯಮಕ್ಕೆ ಎರಡು ಮೂರು ತಿಂಗಳು ಸಣ್ಣ ಮೊತ್ತದ ಜಾಹೀರಾತು ನಡೆಸಿ ಎಂದು ನಾನೇ ಹೇಳುತ್ತೇನೆ. ಅದರ ‘ಸರ್ಚ್ ಟರ್ಮ್ಸ್’ ವರದಿಯಲ್ಲಿ ಜನ ನಿಜವಾಗಿ ಬರೆದು ಹುಡುಕಿದ ಪದಗಳು ಸಿಗುತ್ತವೆ. ‘ಹೊಲಿಗೆ ಯಂತ್ರ’ ಎಂಬ ಪದಕ್ಕೆ ಜಾಹೀರಾತು ಕೊಟ್ಟರೆ ಒತ್ತಿದವರಲ್ಲಿ ಯಂತ್ರ ಕೊಳ್ಳಬೇಕೆನ್ನುವವರು, ಹೊಲಿಗೆ ಕಲಿಯಬೇಕೆನ್ನುವವರು, ರಿಪೇರಿ ಬೇಕಾದವರು ಎಲ್ಲರೂ ಇರುತ್ತಾರೆ. ಮೊದಲ ಇಬ್ಬರ ಪದಗಳನ್ನು ‘ನೆಗೆಟಿವ್ ಕೀವರ್ಡ್’ ಪಟ್ಟಿಗೆ, ಅಂದರೆ ಜಾಹೀರಾತು ತೋರಿಸಬೇಡಿ ಎನ್ನುವ ಪದಗಳ ಪಟ್ಟಿಗೆ ಹಾಕಿ ಹಣ ಉಳಿಸಿಕೊಳ್ಳಿ. ಕರೆ ತಂದ ಪದಗಳನ್ನು ಬರೆದಿಟ್ಟುಕೊಂಡು ಅವುಗಳಿಗೆ ಪುಟ ಬರೆಯಿರಿ. ಹೀಗೆ ಮಾಡಿದರೆ ಜಾಹೀರಾತಿನ ಖರ್ಚು ಸ್ವಂತ ದುಡಿಮೆಗೆ ದಾರಿ ತೋರಿಸುತ್ತದೆ.

ತಾಣಕ್ಕಿಂತ ಮೊದಲು ಬಿಸಿನೆಸ್ ಪ್ರೊಫೈಲ್?

ಗ್ರಾಹಕರನ್ನು ಎದುರಾಎದುರು ಕಾಣುವ ಉದ್ಯಮವಾದರೆ ಹೌದು, ಇದೇ ಮೊದಲು. ನಕ್ಷೆಯೊಂದಿಗೆ ಬರುವ ಫಲಿತಾಂಶಗಳನ್ನು ಗೂಗಲ್ ಮೂರು ಸಂಗತಿ ನೋಡಿ ಜೋಡಿಸುತ್ತದೆ: ಹುಡುಕಿದ ವಿಷಯಕ್ಕೆ ಹೊಂದಿಕೆ, ದೂರ, ಹೆಸರುವಾಸಿ. ಹಣ ಕೊಟ್ಟು ಇಲ್ಲಿ ಮೇಲೇರಲಾಗದು. ದೂರ ನಿಮ್ಮ ಕೈಯಲ್ಲಿಲ್ಲ. ಮಿಕ್ಕ ಎರಡಕ್ಕೆ ವರ್ಗವನ್ನು ಸರಿಯಾಗಿ ಆರಿಸಿ, ತೆರೆದಿರುವ ಸಮಯ ಬದಲಾದಾಗ ತಿದ್ದಿ, ಕೆಲಸ ಮುಗಿದ ಕೂಡಲೇ ಗ್ರಾಹಕರನ್ನು ವಿಮರ್ಶೆ ಬರೆಯಲು ಕೇಳಿ. ಕೇಳುವುದು ತಪ್ಪಲ್ಲ, ವಿಮರ್ಶೆಗೆ ಪ್ರತಿಯಾಗಿ ರಿಯಾಯಿತಿ ಕೊಡುವುದು ನಿಯಮಕ್ಕೆ ವಿರುದ್ಧ. ಉದ್ಯಮದ ಹೆಸರಿಗೆ ಸೇವೆಗಳ ಹೆಸರನ್ನೆಲ್ಲ ಪೋಣಿಸುವುದೂ ಅಷ್ಟೇ. ಆನ್‌ಲೈನ್‌ನಲ್ಲಿ ಮಾತ್ರ ವ್ಯವಹರಿಸುವವರಿಗೆ ಈ ಪ್ರೊಫೈಲ್ ಅನ್ವಯಿಸುವುದಿಲ್ಲ.

ಹಾಗೆಂದು ಪ್ರೊಫೈಲ್ ಇದೆಯಲ್ಲ, ತಾಣ ಏಕೆ ಎನ್ನಬೇಡಿ. ಪ್ರೊಫೈಲ್ ಜೊತೆಗೆ ಉಚಿತವಾಗಿ ತಾಣ ಕಟ್ಟಿಕೊಳ್ಳುವ ಸೌಲಭ್ಯವನ್ನು ಗೂಗಲ್ ಕೊಟ್ಟಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿತು. ಅದನ್ನೇ ನೆಚ್ಚಿಕೊಂಡಿದ್ದವರು ಬೇರೆ ತಾಣ ಹುಡುಕಿಕೊಳ್ಳಬೇಕಾಯಿತು. ಸ್ವಂತ ಡೊಮೇನ್‌ನಲ್ಲಿರುವ ಪುಟ ಹಾಗೆ ಇನ್ನೊಬ್ಬರ ಮರ್ಜಿಯಲ್ಲಿ ಇರುವುದಿಲ್ಲ.

ನಾನು ಆರಿಸುವುದಾದರೆ

ಹೊಸ ಉದ್ಯಮವಾದರೆ ಪ್ರೊಫೈಲ್, ಐದು ಒಳ್ಳೆಯ ಪುಟ, ಸಣ್ಣ ಜಾಹೀರಾತು. ತಾಣ ಹಳೆಯದಾಗಿದ್ದು ಕಾಣದೆ ಹೋಗಿದ್ದರೆ ತಜ್ಞರಿಂದ ಒಮ್ಮೆ ಪರೀಕ್ಷೆ, ಆಮೇಲೆ ಸ್ವಂತ ಬರವಣಿಗೆ. ಸಮಯವೇ ಇಲ್ಲ, ಹಣವಿದೆ ಎಂದರೆ ಏಜೆನ್ಸಿಗಿಂತ ಮೊದಲು ನಿಮ್ಮ ಮಾತನ್ನು ಬರಹವಾಗಿಸುವ ಒಬ್ಬರನ್ನು ಹುಡುಕಿ. ವಸ್ತುಗಳು ಸಾವಿರ ದಾಟಿದರೆ ಏಜೆನ್ಸಿ. ಆದರೆ ಮೊದಲ ಒಪ್ಪಂದ ಆರು ತಿಂಗಳಿಗಷ್ಟೇ ಇರಲಿ.

ಯಾವುದನ್ನೇ ಆರಿಸಿದರೂ ಇಂದಿನ ಅಂಕಿಗಳನ್ನು ಸರ್ಚ್ ಕನ್ಸೋಲ್‌ನಿಂದ ಇಳಿಸಿ ತಾರೀಖು ಹಾಕಿ ಇಟ್ಟುಕೊಳ್ಳಿ. ನಾಲ್ಕು ತಿಂಗಳ ಮೇಲೆ ಮತ್ತೆ ಇಳಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೋಡುವಾಗ ನಿಮ್ಮ ಉದ್ಯಮದ ಹೆಸರಿರುವ ಸಾಲುಗಳನ್ನು ಬದಿಗಿಡಿ. ಹೆಸರು ಬರೆದು ಹುಡುಕುವವರಿಗೆ ನೀವು ಮೊದಲೇ ಗೊತ್ತು. ‘ದಾರ ತುಂಡಾಗುತ್ತಿದೆ’ ಎಂಬಂಥ ಸಾಲುಗಳು ಹೆಚ್ಚಿವೆಯೇ, ಅವುಗಳ ಸ್ಥಾನ ನಲವತ್ತರಿಂದ ಹದಿನೈದಕ್ಕಾದರೂ ಬಂದಿದೆಯೇ ಎಂದು ಹುಡುಕಿ. ಬಂದಿದ್ದರೆ ಹಿಡಿದ ದಾರಿಯಲ್ಲೇ ಮುಂದುವರಿಯಿರಿ. ಅಲ್ಲಾಡದೆ ಇದ್ದರೆ ಆ ಎರಡು ಹಾಳೆಗಳನ್ನು ಕೆಲಸ ವಹಿಸಿಕೊಂಡವರ ಮುಂದಿಟ್ಟು, ಈ ನಾಲ್ಕು ತಿಂಗಳಲ್ಲಿ ಯಾವ ಪುಟದಲ್ಲಿ ಏನು ಬದಲಿಸಿದಿರಿ ಎಂದು ಕೇಳಿ.